ಕಾಲು ಮುರಿದರೆ ಮರುಕ, ಮನಸ್ಸು ಮುರಿದರೆ?

ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರಿತ್ತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದರೂ ಹೆಸರು ಜನರ ಬಾಯಲ್ಲಿ ಉಳಿಯಿತು. ಇಂಗ್ಲೆಂಡಿನ ಮೂಲ ಮ್ಯಾಂಚೆಸ್ಟರ್ ಗಿರಣಿಗಳಿಗೆ ಎಷ್ಟು ಪ್ರಸಿದ್ಧವೋ ಫುಟ್‌ಬಾಲ್‌ಗೂ ಅಷ್ಟೇ ಪ್ರಸಿದ್ಧ. 1878ರಲ್ಲಿ ಅಲ್ಲಿನ ರೈಲ್ವೆ ಕಾರ್ಮಿಕರು ಕಟ್ಟಿಕೊಂಡ ತಂಡವೇ ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಆಯಿತು. ಆ ತಂಡದ ಮಹಾನ್ ಆಟಗಾರರಲ್ಲಿ ಒಬ್ಬರಾದ ಜಾರ್ಜ್ ಬೆಸ್ಟ್ 2005ರ ನವೆಂಬರ್ 25ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಕಣ್ಮುಚ್ಚಿದರು. ಆಗ ಅವರಿಗೆ 59 ವರ್ಷ. ಆ ಸಾವಿನ ಬೇರಿನಲ್ಲಿದ್ದದ್ದು ದಶಕಗಳ ಕುಡಿತ.

ಆಟಗಾರನ ಕಾಲು ಮುರಿದರೆ ಇಡೀ ಊರು ಮರುಗುತ್ತದೆ. ಅದೇ ಆಟಗಾರನ ಮನಸ್ಸು ಮುರಿದರೆ, ಅಥವಾ ಆತ ವ್ಯಸನಕ್ಕೆ ಸಿಕ್ಕಿಬಿದ್ದರೆ ಊರು ಏನು ಮಾಡುತ್ತದೆ? ಕಳೆದ ಅರ್ಧ ಶತಮಾನದ ಫುಟ್‌ಬಾಲ್ ಚರಿತ್ರೆ ಈ ಪ್ರಶ್ನೆಗೆ ಕೊಡುವ ಉತ್ತರ ಅಷ್ಟೇನೂ ಹೆಮ್ಮೆಪಡುವಂಥದ್ದಲ್ಲ.

ನಗೆಯಿಂದ ಬೈಗುಳಕ್ಕೆ

ಬೆಸ್ಟ್ 1963ರಲ್ಲಿ ಯುನೈಟೆಡ್ ಪರ ಮೊದಲ ಪಂದ್ಯ ಆಡಿದಾಗ ಅವರಿಗೆ 17 ವರ್ಷ. 1968ರಲ್ಲಿ ತಂಡ ಯುರೋಪಿಯನ್ ಕಪ್ ಗೆದ್ದಿತು. ಅದೇ ವರ್ಷ ಅವರು ಯುರೋಪಿನ ಶ್ರೇಷ್ಠ ಆಟಗಾರರಾದರು. 1974ರಲ್ಲಿ, ಕೇವಲ 27ರ ಹರೆಯದಲ್ಲಿ, ಯುನೈಟೆಡ್ ಬಿಟ್ಟು ಹೊರನಡೆದರು. ಈ ಅವಧಿಯಲ್ಲೆಲ್ಲ ಅವರ ಕುಡಿತ ಪತ್ರಿಕೆಗಳಿಗೆ ರಂಜನೆಯ ಸುದ್ದಿಯಾಗಿತ್ತು. ಅಭಿಮಾನಿಗಳು ಅದರ ಮೇಲೆ ನಗೆಹನಿ ಕಟ್ಟಿದರು. ಬೆಸ್ಟ್ ಕೂಡ ತಮ್ಮನ್ನು ತಾವೇ ಗೇಲಿ ಮಾಡಿಕೊಂಡು ಅವರನ್ನು ನಗಿಸಿದರು. 1978ರಲ್ಲಿ ಅವರ ತಾಯಿಯೂ ಕುಡಿತಕ್ಕೆ ಸಂಬಂಧಿಸಿದ ಕಾಯಿಲೆಯಿಂದಲೇ ತೀರಿಕೊಂಡರು ಎಂಬ ಸಂಗತಿ ಈ ನಗೆಯ ನಡುವೆ ಮರೆಯಾಯಿತು.

2002ರಲ್ಲಿ ಬೆಸ್ಟ್‌ಗೆ ಯಕೃತ್ತಿನ ಕಸಿ ನಡೆಯಿತು. ನಂತರವೂ ಅವರು ಕುಡಿದಾಗ ನಗುತ್ತಿದ್ದವರೇ ಬೈಯತೊಡಗಿದರು. ಬೇರೊಬ್ಬರಿಗೆ ಜೀವ ಕೊಡಬಹುದಾಗಿದ್ದ ಅಂಗವನ್ನು ಹಾಳು ಮಾಡಿದ ಎಂಬುದು ಜನರ ಸಿಟ್ಟು. ಆ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. ಆದರೆ ಬಿಡಬೇಕೆಂದರೂ ಬಿಡಲಾಗದಿರುವುದೇ ಈ ರೋಗದ ಮುಖ್ಯ ಲಕ್ಷಣ ಎಂಬುದು ಜನರಿಗೆ ಹೊಳೆಯಲಿಲ್ಲ. ಕೊನೆಯ ದಿನಗಳಲ್ಲಿ ಬೆಸ್ಟ್, ತಮ್ಮಂತೆ ಯಾರೂ ಸಾಯಬಾರದು ಎಂಬ ಎಚ್ಚರಿಕೆಯಾಗಿ, ಆಸ್ಪತ್ರೆಯ ಹಾಸಿಗೆಯಲ್ಲಿದ್ದ ತಮ್ಮ ಚಿತ್ರವನ್ನು ಪತ್ರಿಕೆಯಲ್ಲಿ ಪ್ರಕಟಿಸಲು ಒಪ್ಪಿಗೆ ಕೊಟ್ಟರು. ಸತ್ತ ಮೇಲೆ ಬೆಲ್‌ಫಾಸ್ಟ್ ನಗರದ ಬೀದಿಗಳಲ್ಲಿ ಅಂತಿಮ ದರ್ಶನಕ್ಕೆ ಜನಸಾಗರ ನೆರೆಯಿತು. 2006ರಲ್ಲಿ ಅಲ್ಲಿನ ವಿಮಾನ ನಿಲ್ದಾಣಕ್ಕೆ ಅವರ ಹೆಸರಿಟ್ಟರು.

ಬ್ರೆಜಿಲ್‌ನ ಗರಿಂಚಾ ಅವರದೂ ಇದೇ ಕಥೆ. 1962ರ ವಿಶ್ವಕಪ್‌ನಲ್ಲಿ ಪೆಲೆ ಗಾಯಗೊಂಡು ಹೊರಗುಳಿದಾಗ ತಂಡವನ್ನು ಗೆಲುವಿನ ದಡ ಮುಟ್ಟಿಸಿದ್ದು ಈ ಸೊಟ್ಟಗಾಲಿನ ಮಾಂತ್ರಿಕ. ಅವರ ತಂದೆಗೂ ಕುಡಿತದ ಚಟವಿತ್ತು. 1983ರ ಜನವರಿ 20ರಂದು, 49ನೇ ವಯಸ್ಸಿನಲ್ಲಿ, ಗರಿಂಚಾ ಕುಡಿತಕ್ಕೆ ಬಲಿಯಾದರು. ಬಡತನದಲ್ಲಿ ಒಂಟಿಯಾಗಿದ್ದ ಅವರ ಶವವನ್ನು ಮರಕಾನಾ ಕ್ರೀಡಾಂಗಣಕ್ಕೆ ತಂದಾಗ ಸಹಸ್ರಾರು ಜನ ಕಣ್ಣೀರಿಟ್ಟರು. ಆಡುವಾಗ ಚಪ್ಪಾಳೆ, ಬಿದ್ದಾಗ ತಾತ್ಸಾರ, ಸತ್ತಾಗ ಹೂಮಾಲೆ: ಈ ಮೂರರ ನಡುವೆ ಚಿಕಿತ್ಸೆಗೆ ಜಾಗವೇ ಇರಲಿಲ್ಲ.

ಮುಚ್ಚಿಟ್ಟ ಕಾಯಿಲೆ

ಕುಡಿತ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಖಿನ್ನತೆ ಹಾಗಲ್ಲ. ಜರ್ಮನಿಯ ಗೋಲ್‌ಕೀಪರ್ ರಾಬರ್ಟ್ ಎಂಕೆ 2003ರಲ್ಲಿ ಟರ್ಕಿಯ ಫೆನರ್‌ಬಾಚೆ ತಂಡಕ್ಕೆ ಒಂದೇ ಒಂದು ಪಂದ್ಯ ಆಡಿದರು. ತಂಡ 3-0ಯಿಂದ ಸೋತಾಗ ಸ್ವಂತ ತಂಡದ ಅಭಿಮಾನಿಗಳೇ ಅವರತ್ತ ಬಾಟಲಿ ಎಸೆದರು. ಅದೇ ವರ್ಷ ಖಿನ್ನತೆಗೆ ಗುಟ್ಟಾಗಿ ಚಿಕಿತ್ಸೆ ಪಡೆಯಲಾರಂಭಿಸಿದರು. 2006ರಲ್ಲಿ ಹೃದಯದ ಕಾಯಿಲೆಯಿದ್ದ ಎರಡು ವರ್ಷದ ಮಗಳು ತೀರಿಕೊಂಡಳು. ಆದರೂ ಎಂಕೆ ಆಡುತ್ತಲೇ ಇದ್ದರು. 2010ರ ವಿಶ್ವಕಪ್‌ಗೆ ಜರ್ಮನಿಯ ಗೋಲ್‌ಕೀಪರ್ ಆಗುವವರ ಸಾಲಿನಲ್ಲಿ ಅವರ ಹೆಸರು ಮುಂದಿತ್ತು. 2009ರ ನವೆಂಬರ್ 10ರಂದು, 32ನೇ ವಯಸ್ಸಿನಲ್ಲಿ, ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು.

ಮರುದಿನ ಪತ್ನಿ ತೆರೇಸಾ ಮತ್ತು ವೈದ್ಯರು ಪತ್ರಿಕಾಗೋಷ್ಠಿ ಕರೆದು ಸತ್ಯ ತಿಳಿಸಿದರು. ಕಾಯಿಲೆ ಬಯಲಾದರೆ ಆಟ ಕೈತಪ್ಪುತ್ತದೆ, ದತ್ತು ಪಡೆದ ಮಗುವನ್ನೂ ಕಸಿದುಕೊಂಡಾರು ಎಂಬ ಭಯ ಎಂಕೆ ಅವರನ್ನು ಕಾಡಿತ್ತು. ಚಿಕಿತ್ಸೆ ಇತ್ತು, ಹಣ ಇತ್ತು, ವೈದ್ಯರೂ ಇದ್ದರು. ಬಾಯಿ ಬಿಡುವ ಧೈರ್ಯಕ್ಕೆ ಮಾತ್ರ ಸಮಾಜ ಆಸ್ಪದ ಕೊಟ್ಟಿರಲಿಲ್ಲ. ಹ್ಯಾನೋವರ್ ಕ್ರೀಡಾಂಗಣದಲ್ಲಿ ಸುಮಾರು 40 ಸಾವಿರ ಜನ ಶ್ರದ್ಧಾಂಜಲಿ ಸಲ್ಲಿಸಿದರು. ಖಿನ್ನತೆಯ ಅರಿವು ಮೂಡಿಸಲು 2010ರಲ್ಲಿ ಅವರ ಹೆಸರಿನ ಪ್ರತಿಷ್ಠಾನ ಸ್ಥಾಪನೆಯಾಯಿತು.

ಗೆದ್ದವರಿಗೆ ಮಾತ್ರ ಕ್ಷಮೆಯೇ?

ಬಾಯಿ ಬಿಟ್ಟು ಬದುಕಿದವರೂ ಇದ್ದಾರೆ. ಆರ್ಸೆನಲ್ ನಾಯಕ ಟೋನಿ ಆಡಮ್ಸ್ 1990ರಲ್ಲಿ ಕುಡಿದು ಕಾರು ಓಡಿಸಿದ್ದಕ್ಕೆ ಜೈಲು ಸೇರಿದ್ದರು. 1996ರಲ್ಲಿ ತಾವು ಮದ್ಯವ್ಯಸನಿ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ನಾಯಕತ್ವ ಹೋಗಲಿಲ್ಲ, 1998ರಲ್ಲಿ ತಂಡ ಲೀಗ್ ಮತ್ತು ಎಫ್.ಎ. ಕಪ್ ಎರಡನ್ನೂ ಗೆದ್ದಿತು. 2000ದಲ್ಲಿ ಅವರು ವ್ಯಸನಕ್ಕೆ ಸಿಕ್ಕ ಕ್ರೀಡಾಪಟುಗಳಿಗಾಗಿಯೇ ಚಿಕಿತ್ಸಾ ಕೇಂದ್ರ ಆರಂಭಿಸಿದರು. ಸ್ಪೇನಿನ ಆಂದ್ರೆಸ್ ಇನಿಯೆಸ್ಟಾ, ಗೆಳೆಯ ದಾನಿ ಹಾರ್ಕೆ 2009ರಲ್ಲಿ ತೀರಿಕೊಂಡ ನಂತರ ಖಿನ್ನತೆಗೆ ಜಾರಿದರು. ತಜ್ಞರ ನೆರವು ಪಡೆದರು. 2010ರ ವಿಶ್ವಕಪ್ ಫೈನಲ್‌ನ ಏಕೈಕ ಗೋಲು ಅವರದೇ.

ಇವು ಧೈರ್ಯ ಕೊಡುವ ಉದಾಹರಣೆಗಳು. ಆದರೆ ಇವರಿಬ್ಬರೂ ಗೆದ್ದವರು ಎಂಬುದನ್ನು ಮರೆಯುವಂತಿಲ್ಲ. ಕಪ್ ಹಿಡಿದು ಬಂದವನ ಕಾಯಿಲೆಯನ್ನು ಜನ ಸಾಹಸವೆಂದು ಕೊಂಡಾಡುತ್ತಾರೆ. ಬರಿಗೈಯಲ್ಲಿ ಬಂದವನ ಕಾಯಿಲೆ ಮಾತ್ರ ಇಂದಿಗೂ ದೌರ್ಬಲ್ಯವೆನಿಸಿಕೊಳ್ಳುತ್ತದೆ.

ನಮ್ಮಲ್ಲಿ ಏನಾಯಿತು?

ಕರ್ನಾಟಕಕ್ಕೆ ಫುಟ್‌ಬಾಲ್ ಹೊಸದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆದರೆ ಮನಸ್ಸಿನ ಕಾಯಿಲೆಯ ಬಗ್ಗೆ ಇಲ್ಲಿ ದೊಡ್ಡ ದನಿಯಲ್ಲಿ ಮಾತನಾಡಿದ್ದು ಕ್ರಿಕೆಟ್ ಆಟಗಾರ. 2007ರ ಟಿ-20 ವಿಶ್ವಕಪ್ ಗೆದ್ದ ತಂಡದಲ್ಲಿದ್ದ, ಕೊಡಗು ಮೂಲದ ರಾಬಿನ್ ಉತ್ತಪ್ಪ, 2009ರಿಂದ 2011ರವರೆಗೆ ಆತ್ಮಹತ್ಯೆಯ ಯೋಚನೆಗಳು ತಮ್ಮನ್ನು ದಿನನಿತ್ಯ ಕಾಡಿದ್ದನ್ನು 2020ರಲ್ಲಿ ಹೇಳಿಕೊಂಡರು. ದಿನಚರಿ ಬರೆಯುತ್ತಾ, ಹೊರಗಿನ ನೆರವು ಪಡೆಯುತ್ತಾ ಚೇತರಿಸಿಕೊಂಡ ಅವರು 2014ರ ಐಪಿಎಲ್‌ನಲ್ಲಿ 660 ರನ್ ಗಳಿಸಿ ಮೊದಲ ಸ್ಥಾನದಲ್ಲಿದ್ದರು. ಆ ಮಾತು ಹೊರಬರಲು ಸುಮಾರು ಹತ್ತು ವರ್ಷ ಬೇಕಾಯಿತು.

ಏಕೆ ಇಷ್ಟು ತಡ? ಜ್ವರ ಬಂದವನನ್ನು ಯಾರೂ ಜೀವಮಾನವಿಡೀ ‘ಜ್ವರದವ’ ಎಂದು ಕರೆಯುವುದಿಲ್ಲ. ಆದರೆ ‘ಕುಡುಕ’, ‘ಹುಚ್ಚ’ ಎಂಬ ಹೆಸರು ಒಮ್ಮೆ ಅಂಟಿದರೆ ಬಿಡುವುದಿಲ್ಲ. ಕಾನೂನಿನ ಭಾಷೆಯೂ ಬಹುಕಾಲ ಹಾಗೆಯೇ ಇತ್ತು. ‘ಹುಚ್ಚ’ ಎಂಬ ಅರ್ಥದ ಪದವನ್ನೇ ಹೆಸರಿನಲ್ಲಿ ಹೊತ್ತಿದ್ದ 1912ರ ಕಾಯ್ದೆಯ ಬದಲಿಗೆ ಹೊಸ ಕಾಯ್ದೆ ರೂಪುಗೊಂಡದ್ದು 1987ರಲ್ಲಿ. ಆತ್ಮಹತ್ಯೆಗೆ ಯತ್ನಿಸಿದವರನ್ನು ಶಿಕ್ಷಿಸುವ ಬದಲು ಆರೈಕೆ ಮಾಡಬೇಕು ಎಂಬ ನಿಲುವಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಬಲ ಕೊಟ್ಟಿತು.

ಆದರೆ ಕಾಯ್ದೆಗಿಂತ ಮೊದಲೇ ದಾರಿ ತೋರಿಸಿದ್ದು ಆಗ ದಾವಣಗೆರೆಯ ನೆರೆಯಲ್ಲಿದ್ದ ಬಳ್ಳಾರಿ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟಿತು. ಮುಂದೆ 1997ರಿಂದ ಕೆಲ ವರ್ಷ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ ಆಗ ಬಳ್ಳಾರಿಯಲ್ಲೇ ಇತ್ತು. ಕೆಮ್ಮು, ನೆಗಡಿಗೆ ಮದ್ದು ಸಿಗುವ ಜಾಗದಲ್ಲೇ ಮನಸ್ಸಿನ ಕಾಯಿಲೆಗೂ ಮಾತ್ರೆ ಸಿಗುವಂತಾಯಿತು. ಇದೇ ಮಾದರಿಯ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ನಿನ್ನೆ ಮೂಲೆ ಹಿಡಿದಿದ್ದ ಮನುಷ್ಯ ಇಂದು ಹೊಲಕ್ಕೆ ಹೊರಟಿದ್ದನ್ನು ಕಣ್ಣಾರೆ ಕಂಡ ನೆರೆಹೊರೆಗೆ ಬೇರೆ ಉಪದೇಶ ಬೇಕಿಲ್ಲ.

ಸರಸ್ವತಿ ನಗರದವರಿರಲಿ, ಹರಿಹರದವರಿರಲಿ, ಇಂದು 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಕಷ್ಟ ಹೇಳಿಕೊಳ್ಳಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆ ಅದು. ವ್ಯವಸ್ಥೆ ಇಷ್ಟು ಹತ್ತಿರ ಬಂದ ಮೇಲೂ ಎಂಕೆ ಅವರನ್ನು ಕಾಡಿದ ಭಯ ಎಷ್ಟೋ ಮನೆಗಳಲ್ಲಿ ಇನ್ನೂ ಬಾಗಿಲು ಮುಚ್ಚಿ ಕುಳಿತಿದೆ. ಆಟಗಾರನ ಕುಡಿತ ಕಂಡು ನಗುವ, ಖಿನ್ನತೆ ಕೇಳಿ ಮೂಗು ಮುರಿಯುವ ಹಿರಿಯರ ಮಾತು ಪಕ್ಕದಲ್ಲೇ ಕುಳಿತು ಪಂದ್ಯ ನೋಡುವ ಮಗನ ಕಿವಿಗೂ ಬೀಳುತ್ತದೆ. ತನಗೇ ಅಂಥ ದಿನ ಬಂದರೆ ಈ ಮನೆಯಲ್ಲಿ ಹೇಳಬಹುದೋ ಬಾರದೋ ಎಂಬುದನ್ನು ಆತ ಅಲ್ಲೇ ತೀರ್ಮಾನಿಸಿಬಿಡುತ್ತಾನೆ.