ಹಿಮ ಎಸೆಯುವ ಯಂತ್ರ ಮತ್ತು ಅದರ ಕೆಮ್ಮು

ಮುಂಬಯಿಯಲ್ಲೋ ಚೆನ್ನೈಯಲ್ಲೋ ನೆಲೆಸಿದ ನಮಗೆ ಮಳೆಯ ಕಾಟ ಗೊತ್ತು, ಹಿಮದ ಕಾಟ ಗೊತ್ತಿಲ್ಲ. ಆದರೆ ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಟೊರಾಂಟೊ, ಚಿಕಾಗೊ, ಬಾಸ್ಟನ್ ಕಡೆ ಇದ್ದಾರೆ. ರಾತ್ರಿ ಮೊಣಕಾಲುದ್ದ ಹಿಮ ಬಿದ್ದರೆ ಬೆಳಿಗ್ಗೆ ಅದನ್ನು ಸರಿಸದೆ ಕಾರು ಹೊರಡದು. ಸಲಿಕೆ ಹಿಡಿದು ಆ ಭಾರ ಎತ್ತುವುದು ವಯಸ್ಸಾದವರ ಹೃದಯಕ್ಕೆ ಅಪಾಯವೆಂದು ಅಲ್ಲಿಯ ವೈದ್ಯರು ಪ್ರತಿ ಚಳಿಗಾಲವೂ ಎಚ್ಚರಿಸುತ್ತಾರೆ. ಆದ್ದರಿಂದ ಆ ಮನೆಗಳ ಗ್ಯಾರೇಜಿನ ಮೂಲೆಯಲ್ಲಿ ನಿಂತಿರುವ ಹಿಮ ಎಸೆಯುವ ಪುಟ್ಟ ಯಂತ್ರ ಬರಿಯ ಅನುಕೂಲದ ವಸ್ತುವಲ್ಲ. ಬೇಕಾದ ದಿನವೇ ಅದು ಕೆಮ್ಮತೊಡಗಿದರೆ ಏನು ಮಾಡಬೇಕು? ಉತ್ತರ ಬಹುಪಾಲು ಅದರ ಚರಿತ್ರೆಯಲ್ಲಿಯೇ ಅಡಗಿದೆ.

ಈ ಯಂತ್ರದ ಹುಟ್ಟು ರೈಲುಹಳಿಯ ಮೇಲೆ. ಟೊರಾಂಟೊದ ದಂತವೈದ್ಯ ಜೆ. ಡಬ್ಲ್ಯು. ಎಲಿಯಟ್ 1869ರಲ್ಲಿ, ತಿರುಗುವ ಚಕ್ರದಿಂದ ಹಿಮವನ್ನು ಕೊರೆದು ಎಸೆಯುವ ಸಾಧನಕ್ಕೆ ಪೇಟೆಂಟ್ ಪಡೆದ. ಒಂಟೇರಿಯೊದ ಆರೆಂಜ್ ಜಲ್ ಎಂಬಾತ 1880ರ ದಶಕದಲ್ಲಿ ಅದನ್ನು ಸುಧಾರಿಸಿದ. ರಸ್ತೆಗೆ ತಂದ ಕೀರ್ತಿ ಮಾತ್ರ ಕ್ವಿಬೆಕ್ ಪ್ರಾಂತದ ಆರ್ಥರ್ ಸಿಕಾರ್‌ನದು. 1894ರಲ್ಲಿ, ಇನ್ನೂ ಹದಿಹರೆಯದವನಾಗಿದ್ದಾಗ, ಹೊಲದಲ್ಲಿ ಧಾನ್ಯ ಒಕ್ಕುವ ಯಂತ್ರವನ್ನು ಕಂಡು ಅವನಿಗೆ ಈ ಯೋಚನೆ ಹೊಳೆಯಿತು. ಒಕ್ಕಣೆ ಯಂತ್ರ ತೆನೆಯನ್ನು ಒಳಗೆಳೆದು ಹುಲ್ಲನ್ನು ಆಚೆಗೆ ತೂರುವುದಾದರೆ ಹಿಮವನ್ನೇಕೆ ತೂರಬಾರದು? ಯಂತ್ರ ಸಿದ್ಧವಾದದ್ದು 1925ರಲ್ಲಿ. 1927ರಲ್ಲಿ ಮಾಂಟ್ರಿಯಲ್ ಪಕ್ಕದ ಊಟ್ರಮೋಂ ಪಟ್ಟಣ ಅದನ್ನು ಕೊಂಡಿತು. ಕಣದಿಂದ ಬೀದಿಗೆ ಬರಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು!

ಅದು ಲಾರಿಯಷ್ಟು ದೊಡ್ಡದು. ಮನೆಯವರು ಹಿಂದೆ ನಡೆದು ನೂಕುವ ಚಿಕ್ಕ ಯಂತ್ರಗಳು ಎರಡನೆಯ ಮಹಾಯುದ್ಧದ ನಂತರ ಬಂದವು. ಅಮೆರಿಕದ ಟೋರೊ ಕಂಪನಿ 1950ರ ದಶಕದ ಆರಂಭದಲ್ಲಿ, ಏರಿಯನ್ಸ್ ಕಂಪನಿ 1960ರಲ್ಲಿ ಇವನ್ನು ಮಾರುಕಟ್ಟೆಗೆ ತಂದವು. ಇವುಗಳಿಗೆ ಜೀವ ಕೊಟ್ಟದ್ದು ಬ್ರಿಗ್ಸ್ ಆಂಡ್ ಸ್ಟ್ರಾಟನ್, ಟೆಕಮ್ಸೆ ಮೊದಲಾದವರ ಒಂದೇ ಸಿಲಿಂಡರಿನ ಪೆಟ್ರೋಲ್ ಎಂಜಿನ್ನು.

ಈ ಎಂಜಿನ್ನಿನ ಉಸಿರು ಕಾರ್ಬುರೇಟರ್. ಸಣ್ಣ ರಂಧ್ರದ ಮೂಲಕ ಪೆಟ್ರೋಲನ್ನು ಗಾಳಿಗೆ ಚಿಮುಕಿಸುವ ಉಪಾಯವನ್ನು 1893ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೈಬಾಕ್ ಹಾಗೂ ಹಂಗೇರಿಯ ಬಾಂಕಿ ಮತ್ತು ಚೋಂಕಾ ರೂಪಿಸಿದರು. ಇಂದಿಗೂ ತತ್ತ್ವ ಅದೇ, ದೌರ್ಬಲ್ಯವೂ ಅದೇ. ಟ್ಯಾಂಕಿನಲ್ಲಿ ಬೇಸಿಗೆಯಿಡೀ ನಿಂತ ಪೆಟ್ರೋಲ್ ಆವಿಯಾಗಿ ಅಂಟಿನಂಥ ಗಸಿ ಉಳಿಯುತ್ತದೆ. ಕೂದಲೆಳೆಯಷ್ಟು ಸಣ್ಣ ಜೆಟ್ಟಿಗೆ ಅಷ್ಟು ಸಾಕು.

ಆಗ ಎಂಜಿನ್ನಿನ ದನಿ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಪೆಟ್ರೋಲ್ ಸಾಲದೆ ವೇಗ ಕುಗ್ಗಿದರೆ ಗವರ್ನರ್ ಬಾಗಿಲು ತೆರೆಯುತ್ತದೆ; ವೇಗ ಹೆಚ್ಚಿದರೆ ಮುಚ್ಚುತ್ತದೆ. ಸಮತೋಲ ಸಿಗುವುದೇ ಇಲ್ಲ. ಗವರ್ನರುಗಳ ಇಂಥ ತೂಗಾಟವನ್ನು 1868ರಲ್ಲೇ ಗಣಿತದಿಂದ ಪರಿಶೀಲಿಸಿದವನು ಸ್ಕಾಟ್ಲೆಂಡಿನ ಮಹಾವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಗವರ್ನರ್ ತೂಗಾಡುತ್ತಿದೆಯೆಂದು ಅದರ ಸ್ಪ್ರಿಂಗನ್ನೇ ತಿರುಚುವವರಿದ್ದಾರೆ. ಸಾಮಾನ್ಯವಾಗಿ ರೋಗ ಅಲ್ಲಿರುವುದಿಲ್ಲ.

ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ಹಳೆಯ ಪೆಟ್ರೋಲ್ ಬಸಿದು ಹೊಸದನ್ನು ತುಂಬಬೇಕು. ಟ್ಯಾಂಕಿನ ಮುಚ್ಚಳ ಸಡಿಲಿಸಿದೊಡನೆ ಎಂಜಿನ್ ಸುಧಾರಿಸಿದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆಯೆಂದು ಅರ್ಥ. ಅನಂತರ ಪ್ಲಗ್ಗು. ಸ್ಕೂಟರಿನ ಪ್ಲಗ್ಗು ಬಿಚ್ಚಿ ಉಜ್ಜಿದ ನಮ್ಮ ಹಿರಿಯರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿದ್ದರೆ ಕಡಿಮೆ. ಬಳಿಕ ಚೋಕನ್ನು ಅರ್ಧ ಎಳೆದು ನೋಡಬೇಕು. ಓಟ ನೇರವಾದರೆ ಜೆಟ್ ಕಟ್ಟಿರಬೇಕು, ಇಲ್ಲವೇ ಕಾರ್ಬುರೇಟರಿನ ಗ್ಯಾಸ್ಕೆಟ್ಟಿನಲ್ಲಿ ಗಾಳಿ ನುಸುಳುತ್ತಿರಬೇಕು. ಅನೇಕ ಟೆಕಮ್ಸೆ ಎಂಜಿನ್ನುಗಳಲ್ಲಿ ಕಾರ್ಬುರೇಟರ್ ಬಟ್ಟಲಿನ ತಳದ ಬೋಲ್ಟೇ ಜೆಟ್. ಅದರ ಪಕ್ಕದಲ್ಲಿ ಕಣ್ಣಿಗೆ ಬೀಳದ ಇನ್ನೊಂದು ತೂತಿದೆ. ದೊಡ್ಡದನ್ನು ಶುಚಿಮಾಡಿ ಚಿಕ್ಕದನ್ನು ಮರೆತರೆ ಶ್ರಮ ವ್ಯರ್ಥ. ತೆಳು ತಾಮ್ರದ ಎಳೆಯಿಂದ, ರಂಧ್ರ ಅಗಲವಾಗದಂತೆ, ನಿಧಾನವಾಗಿ ಬಿಡಿಸಬೇಕು. ಈ ಯಂತ್ರಗಳಿಗೆ ಸಾಮಾನ್ಯವಾಗಿ ಏರ್ ಫಿಲ್ಟರ್ ಇಲ್ಲ. ಇದ್ದರೆ ಹಿಮದಿಂದ ಮುಚ್ಚಿಹೋಗುತ್ತಿತ್ತು. ಬದಲಿಗೆ ಸೈಲೆನ್ಸರಿನ ಬಿಸಿಗಾಳಿಯನ್ನು ಹಿಡಿದಿಡುವ ತಗಡಿನ ಹೊದಿಕೆ ಇರುತ್ತದೆ. ರಿಪೇರಿಯ ನಂತರ ಅದನ್ನು ಮತ್ತೆ ಕೂರಿಸದಿದ್ದರೆ ಕಾರ್ಬುರೇಟರೇ ಹೆಪ್ಪುಗಟ್ಟೀತು.

ಈಚಿನ ಚರಿತ್ರೆ ಇನ್ನೆರಡು ತೊಡಕು ತಂದಿತು. ಅಮೆರಿಕದಲ್ಲಿ 1997ರಿಂದ ಸಣ್ಣ ಎಂಜಿನ್ನುಗಳ ಹೊಗೆಗೆ ಮಿತಿ ಹಾಕಿದಾಗ ಪೆಟ್ರೋಲಿನ ಪಾಲು ಕುಗ್ಗಿತು. ಅದನ್ನು ಹೊಂದಿಸುವ ತಿರುಪೂ ಅನೇಕ ಯಂತ್ರಗಳಲ್ಲಿ ಮಾಯವಾಯಿತು. ಗಾಳಿ ಶುದ್ಧವಾಗಬೇಕಾದದ್ದೇ, ಆದರೆ ಅಲ್ಪಸ್ವಲ್ಪ ಕಸಕ್ಕೂ ಎಂಜಿನ್ ತಡವರಿಸುವಂತಾಯಿತು. ಎರಡನೆಯದು ಎಥನಾಲ್. ಅಲ್ಲಿಯ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10ರಷ್ಟು ಬೆರೆತಿರುವ ಇದು ನೀರನ್ನು ಹೀರುತ್ತದೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಇದು ದೂರದ ಸುದ್ದಿಯಲ್ಲ. ಶೇಕಡಾ 20 ಎಥನಾಲಿನ ಪೆಟ್ರೋಲಿಗೆ ನಮ್ಮ ದೇಶದಲ್ಲಿ ಚಾಲನೆ ದೊರೆತದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ. ತಿಂಗಳುಗಟ್ಟಲೆ ಸುಮ್ಮನೆ ನಿಲ್ಲುವ ಹಳೆಯ ಸ್ಕೂಟರ್, ತೋಟದ ಔಷಧಿ ಸಿಂಪಡಿಸುವ ಯಂತ್ರ ಇವುಗಳಿಗೂ ಅದೇ ಪಥ್ಯ: ಕೆಲಸದ ಕಾಲ ಮುಗಿದೊಡನೆ ಟ್ಯಾಂಕೂ ಕಾರ್ಬುರೇಟರೂ ಬರಿದಾಗಲಿ.

ಕೊನೆಗೊಂದು ಮಾತು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿದರೆ ಅದರ ವಿಷಗಾಳಿಗೆ ವಾಸನೆಯೇ ಇಲ್ಲ. ಹಿಮ ಕಟ್ಟಿಕೊಂಡ ಕೊಳವೆಯೊಳಗೆ ಕೈಯಿಟ್ಟು ಬೆರಳು ಕಳೆದುಕೊಂಡವರು ಅನೇಕರು. ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ತಂತಿ ಕಳಚಿ, ಕೈಯ ಬದಲು ಕೋಲು ಬಳಸಲಿ. ಮುಂದಿನ ಸಲ ಮಗನೋ ಮಗಳೋ ಅಲ್ಲಿಂದ ಫೋನ್ ಮಾಡಿದಾಗ, ಊಟವಾಯಿತೇ ಎಂದು ಕೇಳಿದ ಮೇಲೆ ಇದನ್ನೂ ಒಂದು ಮಾತು ಹೇಳಿಬಿಡಿ.