ಯೂರೋಪಿನ ರಾಜಕಾರಣದಲ್ಲಿ ಇಂಗ್ಲಿಷು

ಒಂದು ದೇಶದ ನುಡಿ ಇನ್ನೊಂದು ದೇಶದ ರಾಜಕಾರ್ಯದೊಳಗೆ ಪ್ರವೇಶಿಸಿತೆಂದು ಕೇಳಿದರೆ, ಅದರ ಮುಂದುಗಡೆ ಸೈನ್ಯವೋ ಹಡಗುಗಳೋ ಬಂದಿರಬೇಕೆಂದು ನಾವು ಸಹಜವಾಗಿ ಊಹಿಸಿಕೊಳ್ಳುತ್ತೇವೆ. ನಮ್ಮ ದೇಶದ ಅನುಭವವೂ ಅದೇ. ಆದರೆ ಯೂರೋಪು ಖಂಡದಲ್ಲಿ ಇಂಗ್ಲಿಷು ಸಮಾನಭಾಷೆಯಾದ ಬಗೆಯೇ ಬೇರೆ. ಅಲ್ಲಿ ಯಾವ ಅರಸನೂ ಅದನ್ನು ವಿಧಿಸಲಿಲ್ಲ. ಯಾವ ಕೌಲೂ ಅದೊಂದನ್ನೇ ಆರಿಸಲಿಲ್ಲ. ಬೇಡವೆಂದವರ ಕಣ್ಣೆದುರಿನಲ್ಲಿಯೇ ಅದು ಒಳಗೆ ಬಂದು ಕುಳಿತುಕೊಂಡಿತು. ಇದು ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ನಾವು ತುಸು ಹಿಂದಕ್ಕೆ ಹೋಗಬೇಕು.

ಮೊದಲು ಲ್ಯಾಟಿನ್ನೇ ರಾಯಭಾರಿಗಳ ನುಡಿಯಾಗಿದ್ದಿತು. ಮೂವತ್ತು ವರ್ಷಗಳ ಯುದ್ಧವನ್ನು ಮುಗಿಸಿದ 1648ರ ವೆಸ್ಟ್‌ಫೇಲಿಯಾ ಸಂಧಿಪತ್ರಗಳು ಲ್ಯಾಟಿನ್ನಿನಲ್ಲಿವೆ. 1714ರಲ್ಲಿ ರಾಸ್ಟಾಟ್ ಎಂಬಲ್ಲಿ ಫ್ರಾನ್ಸಿನ ಸೇನಾಪತಿ ವಿಲಾರನೂ ಚಕ್ರವರ್ತಿಯ ಸೇನಾಪತಿ ಯೂಜೀನನೂ ಎದುರುಬದುರು ಕುಳಿತು ಸಂಧಿ ಮಾಡಿಕೊಂಡಾಗ, ಕರಾರನ್ನು ಫ್ರೆಂಚಿನಲ್ಲಿ ಬರೆದರು. ಬರೆದು, ಇದನ್ನು ಮುಂದಕ್ಕೆ ಮೇಲ್ಪಂಕ್ತಿಯೆಂದು ಯಾರೂ ಎಣಿಸತಕ್ಕದ್ದಲ್ಲವೆಂದು ಬೇರೊಂದು ಕಲಮನ್ನೂ ಸೇರಿಸಿದರು. 1748ರ ಎಕ್ಸ್-ಲಾ-ಶಪೆಲ್ ಸಂಧಿಯಲ್ಲಿಯೂ ಇಂಥದೇ ಕಲಮು. ನೆಪೋಲಿಯನ್ನನನ್ನು ಸೋಲಿಸಿದ ರಾಜರು 1815ರಲ್ಲಿ ವಿಯೆನ್ನಾದಲ್ಲಿ ಬರೆದ ಒಪ್ಪಂದವೂ ಫ್ರೆಂಚಿನಲ್ಲಿಯೇ. ಅದರ 120ನೆಯ ಕಲಮೂ ಅದೇ ಮಾತನ್ನು ಹೇಳುತ್ತದೆ. ನೂರು ವರ್ಷಗಳ ಕಾಲ ಮೇಲ್ಪಂಕ್ತಿಯಲ್ಲವೆಂದು ಬರೆಯುತ್ತ ಬಂದುದೇ ಮೇಲ್ಪಂಕ್ತಿಯಾಯಿತು. ಗೆದ್ದವರು ಸೋತವನ ನುಡಿಯಲ್ಲಿ ಷರತ್ತುಗಳನ್ನು ಬರೆದರೆಂಬುದನ್ನು ನಾವು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಈ ಪದ್ಧತಿ ಮುರಿದುದು 1919ರಲ್ಲಿ, ಅದೂ ಪ್ಯಾರಿಸ್ ಪಟ್ಟಣದಲ್ಲಿಯೇ. ಮಹಾಯುದ್ಧ ಮುಗಿದು ಗೆದ್ದ ರಾಷ್ಟ್ರಗಳವರು ಅಲ್ಲಿ ನೆರೆದಾಗ, ಜನವರಿ ತಿಂಗಳಲ್ಲಿ ಮೊದಲು ಎದ್ದ ವಿವಾದಗಳಲ್ಲಿ ಭಾಷೆಯದೂ ಒಂದು. ಫ್ರೆಂಚೇ ಪ್ರಮಾಣಭಾಷೆಯಾಗಿರಬೇಕೆಂದು ಫ್ರಾನ್ಸಿನವರು ಕೇಳಿದರು. ಇಂಗ್ಲಿಷಿಗೂ ಸಮಸ್ಥಾನ ಬೇಕೆಂದು ಅಮೆರಿಕದ ಅಧ್ಯಕ್ಷ ವಿಲ್ಸನ್ನರೂ ಬ್ರಿಟನ್ನಿನ ಪ್ರಧಾನಮಂತ್ರಿ ಲಾಯ್ಡ್ ಜಾರ್ಜರೂ ಪಟ್ಟುಹಿಡಿದರು. (ಲಾಯ್ಡ್ ಜಾರ್ಜರ ತಾಯ್ನುಡಿ ಇಂಗ್ಲಿಷಲ್ಲ, ವೆಲ್ಷು, ಈ ವಿನೋದವನ್ನು ಅಂದು ಯಾರಾದರೂ ಎತ್ತಿ ಆಡಿದರೋ ಕಾಣೆವು.) ಎರಡಕ್ಕೆ ಎಡೆಯಿರುವುದಾದರೆ ಮೂರನೆಯದಾಗಿ ನಮ್ಮ ನುಡಿಗೇಕಿಲ್ಲವೆಂದು ಇಟಲಿಯ ಮಂತ್ರಿ ಸೊನ್ನಿನೊ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಸಮಾಧಾನ ದೊರೆಯಲಿಲ್ಲ.

ವಸಂತಕಾಲ ಬರುವ ಹೊತ್ತಿಗೆ ಕಾರ್ಯವೆಲ್ಲ ನಾಲ್ವರ ಕೈಗೆ ಬಂದಿತು. ವಿಲ್ಸನ್ನರಿಗೂ ಲಾಯ್ಡ್ ಜಾರ್ಜರಿಗೂ ಫ್ರೆಂಚು ಬಾರದು. ಇಟಲಿಯ ಪ್ರಧಾನಿ ಒರ್ಲಾಂಡೊ ಅವರಿಗೆ ಫ್ರೆಂಚು ಬರುತ್ತಿದ್ದಿತು, ಇಂಗ್ಲಿಷು ಬಾರದು. ಎರಡನ್ನೂ ಬಲ್ಲವರು ಫ್ರಾನ್ಸಿನ ಕ್ಲೆಮಾನ್ಸೊ ಒಬ್ಬರೇ. ಅವರು ತಾರುಣ್ಯದಲ್ಲಿ ಕೆಲವು ವರ್ಷ ಅಮೆರಿಕದಲ್ಲಿದ್ದು, ಅಲ್ಲಿ ಹೆಣ್ಣುಮಕ್ಕಳ ಪಾಠಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದವರು. ಅಮೆರಿಕದ ಹೆಣ್ಣನ್ನೇ ವಿವಾಹವಾದವರು. ಹೀಗಾಗಿ ಮೂವರ ಮಾತು ಇಂಗ್ಲಿಷಿನಲ್ಲಿ ಓಡುತ್ತಿದ್ದರೆ, ನಾಲ್ಕನೆಯವರು ಪೋಲ್ ಮಾಂಟೂ ಎಂಬ ದುಭಾಷಿಯ ಬಾಯನ್ನು ನೋಡುತ್ತ ಕುಳಿತಿರಬೇಕಾಗುತ್ತಿತ್ತು. ಈ ಮಾಂಟೂ ಸ್ವತಃ ಇತಿಹಾಸಕಾರ. ಇಂಗ್ಲೆಂಡಿನ ಕೈಗಾರಿಕೆಯ ಕ್ರಾಂತಿಯನ್ನು ಕುರಿತು ಗ್ರಂಥ ಬರೆದವನು. ಆ ಸಭೆಗಳಲ್ಲಿ ಅವನು ಮಾಡಿಕೊಂಡ ಟಿಪ್ಪಣಿಗಳು 1955ರಲ್ಲಿ ಅಚ್ಚಾದುವು. ಒರ್ಲಾಂಡೊ ಅವರು ಫಿಯೂಮೆ ಪಟ್ಟಣದ ವಿಷಯದಲ್ಲಿ ಮುನಿದು ಏಪ್ರಿಲಿನಲ್ಲಿ ಪ್ಯಾರಿಸನ್ನು ಬಿಟ್ಟು ಹೊರಟುದಕ್ಕೆ ಭಾಷೆಯೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೂ ಮಾತು ತಿಳಿಯದ ಪಂಕ್ತಿಯಲ್ಲಿ ಕುಳಿತವನ ಮನಸ್ಸು ಬೇಗ ಕಹಿಯಾಗುವುದೆಂಬುದು ಲೋಕಾನುಭವ. ಜೂನ್ 28ರಂದು ವರ್ಸೇಲ್ಸ್ ಅರಮನೆಯ ಕನ್ನಡಿಯ ಶಾಲೆಯಲ್ಲಿ ಸಹಿಯಾದ ಸಂಧಿಪತ್ರವು ಫ್ರೆಂಚು ಇಂಗ್ಲಿಷುಗಳೆರಡೂ ಪ್ರಮಾಣವೆಂದು ಹೇಳಿತು. ಫ್ರೆಂಚಿನ ಏಕಾಧಿಪತ್ಯ ಕೊನೆಗೊಂಡುದು ಫ್ರಾನ್ಸ್ ಗೆದ್ದ ವರ್ಷದಲ್ಲಿ!

ಎರಡನೆಯ ಮಹಾಯುದ್ಧದ ಅನಂತರ ಇಂಗ್ಲಿಷು ಸುಲಭವಾಗಿ ಖಂಡವನ್ನೆಲ್ಲ ವ್ಯಾಪಿಸಿತೆಂದು ಎಣಿಸಿದರೆ ತಪ್ಪಾಗುತ್ತದೆ. ಇಂದಿನ ಯೂರೋಪು ಒಕ್ಕೂಟದ ಬೀಜವಾದ 1951ರ ಕಲ್ಲಿದ್ದಲು ಉಕ್ಕುಗಳ ಕೌಲಿಗೆ ಫ್ರೆಂಚೊಂದೇ ಪ್ರಮಾಣಪಾಠ. 1958ರಲ್ಲಿ ಆರು ರಾಷ್ಟ್ರಗಳು ಮಾಡಿದ ಮೊತ್ತಮೊದಲನೆಯ ನಿಯಮವು ಭಾಷೆಗಳದೇ; ಅದರಲ್ಲಿ ಡಚ್ಚು, ಫ್ರೆಂಚು, ಜರ್ಮನ್, ಇಟಾಲಿಯನ್ ಈ ನಾಲ್ಕೇ ಇದ್ದುವು. ಬ್ರಿಟನ್ ಎರಡು ಸಲ ಬಾಗಿಲು ತಟ್ಟಿದಾಗ ದ ಗಾಲರು 1963ರಲ್ಲಿಯೂ 1967ರಲ್ಲಿಯೂ ತೆರೆಯಗೊಡಲಿಲ್ಲ. ಅವರ ಉತ್ತರಾಧಿಕಾರಿ ಪಾಂಪಿದೂ 1971ರಲ್ಲಿ ಒಪ್ಪಿದರು. ಬ್ರಸೆಲ್ಸಿಗೆ ಬರತಕ್ಕ ಬ್ರಿಟಿಷ್ ಅಧಿಕಾರಿಗಳು ಫ್ರೆಂಚು ಬಲ್ಲವರಾಗಿರಬೇಕೆಂದು ಅವರು ಕೇಳಿದರು. ಪ್ರಧಾನಿ ಹೀತರು ಆಗಲೆಂದರು. 1973ರ ಜನವರಿ 1ರಂದು ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕುಗಳು ಒಳಗೆ ಬಂದುವು. ಬಂದವರು ಫ್ರೆಂಚಿನಲ್ಲಿಯೇ ಕೆಲಸ ನಡೆಸಿದರು. ಎರಡು ದಶಕಗಳ ಕಾಲ ಪಾಂಪಿದೂ ಅವರ ಎಣಿಕೆ ಸರಿಯೆಂದೇ ತೋರಿತು.

ಎಣಿಕೆ ತಪ್ಪಿದುದು ಇಂಗ್ಲಿಷರಿಂದಲ್ಲ. 1995ರಲ್ಲಿ ಸ್ವೀಡನ್, ಫಿನ್ಲೆಂಡ್, ಆಸ್ಟ್ರಿಯಾಗಳೂ, 2004ರಲ್ಲಿ ಪೋಲೆಂಡು ಮೊದಲಾದ ಹತ್ತು ರಾಷ್ಟ್ರಗಳೂ ಸೇರಿದುವು. ಫಿನ್ಲೆಂಡಿನವನ ನುಡಿಯನ್ನು ಪೋರ್ತುಗಲ್ಲಿನವನು ಕಲಿಯನು. ಇಬ್ಬರೂ ಶಾಲೆಯಲ್ಲಿ ಇಂಗ್ಲಿಷನ್ನು ಕಲಿತಿದ್ದರು. ಫ್ರೆಂಚಿನಲ್ಲಿ ಮಾತನಾಡುವಾಗ ಪಕ್ಕದಲ್ಲಿ ಫ್ರೆಂಚನು ಕುಳಿತು ತಿದ್ದುವನು. ಇಂಗ್ಲಿಷಿನಲ್ಲಾದರೆ ಇಬ್ಬರ ತಪ್ಪೂ ಸಮಸಮ. ಒಕ್ಕೂಟದ ಆಯೋಗದಲ್ಲಿ ಭಾಷಾಂತರಕ್ಕೆ ಬರುವ ಮೂಲಪತ್ರಗಳಲ್ಲಿ 1997ರಲ್ಲಿ ಇಂಗ್ಲಿಷಿನವು ನೂರಕ್ಕೆ ಸುಮಾರು 45, ಫ್ರೆಂಚಿನವು 40 ಇದ್ದುವು. 2008ರ ಹೊತ್ತಿಗೆ ಅವು 72 ಮತ್ತು 12 ಆದುವು. 2006ರ ಮಾರ್ಚಿಯಲ್ಲಿ ಫ್ರಾನ್ಸಿನವನೇ ಆದ ಉದ್ಯಮಿಗಳ ಮುಖಂಡನೊಬ್ಬನು ಬ್ರಸೆಲ್ಸಿನ ಸಭೆಯಲ್ಲಿ ಇಂಗ್ಲಿಷಿನಲ್ಲಿ ಭಾಷಣವನ್ನಾರಂಭಿಸಲು, ಅಧ್ಯಕ್ಷ ಶಿರಾಕರು ಎದ್ದು ಹೊರಟುಹೋದರು. ಭಾಷಣ ನಿಲ್ಲಲಿಲ್ಲ. ಫ್ರಾಂಕ್‌ಫರ್ಟಿನಲ್ಲಿರುವ ಯೂರೋಪಿನ ಕೇಂದ್ರ ಬ್ಯಾಂಕಂತೂ 1998ರಲ್ಲಿ ಹುಟ್ಟಿದಂದಿನಿಂದ ಇಂಗ್ಲಿಷಿನಲ್ಲಿ ಕೆಲಸ ನಡೆಸುತ್ತಿದೆ. ಅದರ ನಾಣ್ಯವನ್ನಾದರೋ ಬ್ರಿಟನ್ ಎಂದೂ ಸ್ವೀಕರಿಸಲಿಲ್ಲ.

ಇದಕ್ಕೆ ತೆರತಕ್ಕ ಬೆಲೆಯೂ ಉಂಟು. ಒಕ್ಕೂಟಕ್ಕೆ ಅಧಿಕೃತ ಭಾಷೆಗಳು 24. ಸಂಸತ್ತಿನಲ್ಲಿ ಸದಸ್ಯರು ತಮ್ಮ ತಮ್ಮ ನುಡಿಯಲ್ಲಿ ಮಾತನಾಡಬಹುದು. ಕಾನೂನುಗಳೂ ಆಯಾ ನುಡಿಗಳಲ್ಲಿ ಅಚ್ಚಾಗುತ್ತವೆ. ಆದರೆ ಕಾನೂನಿನ ಕರಡು ಹುಟ್ಟುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ತಿದ್ದುಪಡಿಯಾಗುವುದು ಇಂಗ್ಲಿಷಿನಲ್ಲಿ. ಆ ನುಡಿಯನ್ನರಿಯದ ಗ್ರೀಸಿನ ರೈತನಿಗಾಗಲಿ ಸ್ಪೇನಿನ ಮೀನುಗಾರನಿಗಾಗಲಿ ಅದು ಕೈಗೆ ಬರುವುದು ಬಹುಪಾಲು ತೀರ್ಮಾನವಾದಮೇಲೆ. ಒರ್ಲಾಂಡೊ ಅವರ ಕಷ್ಟವನ್ನು ಈಗ ಲಕ್ಷಾಂತರ ಜನರು ಅನುಭವಿಸುತ್ತಾರೆ. ಅವರಿಗೆ ಮಾಂಟೂವಿನಂಥ ದುಭಾಷಿಯೂ ಇಲ್ಲ. ಇನ್ನು ಆ ಇಂಗ್ಲಿಷಾದರೂ ಇಂಗ್ಲೆಂಡಿನದೆ? ಒಕ್ಕೂಟದ ಪತ್ರಗಳಲ್ಲಿ ಇಂಗ್ಲಿಷು ಪದಗಳು ಫ್ರೆಂಚು ಅರ್ಥಗಳನ್ನು ತಾಳಿ ನಿಂತಿರುವುದನ್ನು ಕಂಡು, ಲೆಕ್ಕಪರಿಶೋಧನೆಯ ಸಂಸ್ಥೆಯೇ 2013ರಲ್ಲಿ ಅಂಥವುಗಳ ಪಟ್ಟಿಯನ್ನು ಪ್ರಕಟಿಸಬೇಕಾಯಿತು.

2016ರಲ್ಲಿ ಬ್ರಿಟನ್ನಿನ ಜನ ಒಕ್ಕೂಟವನ್ನು ಬಿಡಲು ಮತಕೊಟ್ಟರು. ಮುಂದಿನ ವರ್ಷ ಫ್ಲಾರೆನ್ಸಿನಲ್ಲಿ ಆಯೋಗದ ಅಧ್ಯಕ್ಷ ಯುಂಕರರು, ಯೂರೋಪಿನಲ್ಲಿ ಇಂಗ್ಲಿಷಿನ ಪ್ರಾಮುಖ್ಯ ಮೆಲ್ಲಮೆಲ್ಲಗೆ ಕುಗ್ಗುತ್ತಿದೆಯೆಂದು ಹೇಳಿ, ಫ್ರೆಂಚಿನಲ್ಲಿ ಭಾಷಣವನ್ನು ಮುಂದುವರಿಸಿದರು. ಕುಗ್ಗುತ್ತಿದೆಯೆಂಬ ಆ ಮಾತನ್ನು ಅವರು ಹೇಳಿದುದು ಇಂಗ್ಲಿಷಿನಲ್ಲಿ. 2020ರ ಜನವರಿ 31ರಂದು ಬ್ರಿಟನ್ ಹೊರಬಿದ್ದಿತು. ನುಡಿ ಅಲ್ಲಿಯೇ ಉಳಿಯಿತು. ಭಾಷೆಯ ನಿಯಮವನ್ನು ಬದಲಿಸಬೇಕಾದರೆ ಎಲ್ಲ ರಾಷ್ಟ್ರಗಳೂ ಒಮ್ಮತದಿಂದ ಒಪ್ಪಬೇಕು, ಐರ್ಲೆಂಡೂ ಸೇರಿ. ಇಂಗ್ಲಿಷರ ಆಳಿಕೆಯಲ್ಲಿ ತನ್ನ ನುಡಿಯನ್ನು ಬಹುಮಟ್ಟಿಗೆ ಕಳೆದುಕೊಂಡ ನಾಡು ಅದು. ಐರಿಷು 2007ರಲ್ಲಿ ಒಕ್ಕೂಟದ ಅಧಿಕೃತ ಭಾಷೆಯಾಯಿತು. ಭಾಷಾಂತರಕಾರರು ಸಾಲದ ಕಾರಣ ಎಲ್ಲ ಕಾನೂನುಗಳನ್ನೂ ಅದರಲ್ಲಿ ಪ್ರಕಟಿಸುವ ಏರ್ಪಾಡು 2022ರ ಜನವರಿ 1ರಂದು ಮಾತ್ರ ಪೂರ್ಣವಾಯಿತು. ಆ ಕಾನೂನುಗಳನ್ನು ಐರಿಷಿಗೆ ತರುವವರ ಮೇಜಿನ ಮೇಲಿರುವ ಮೂಲವು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ.