ಪಥ್ಯದ ಪರೀಕ್ಷೆ: ಮಾನ್ಯಖೇಟದ ಸಭೆಯಿಂದ ಇಂದಿನ ಪ್ರಯೋಗಾಲಯದವರೆಗೆ

ಸೇಡಂ ತಾಲ್ಲೂಕಿನ ಮಳಖೇಡ ಎಂದೊಡನೆ ವಿದ್ಯಾರ್ಥಿಗಳಿಗೆ ನೆನಪಾಗುವುದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಮೋಘವರ್ಷ ನೃಪತುಂಗ ಮತ್ತು ‘ಕವಿರಾಜಮಾರ್ಗ’. ಕಾಗಿಣಾ ನದಿಯ ದಂಡೆಯ ಈ ಊರಿಗೆ ವೈದ್ಯಶಾಸ್ತ್ರದ ಚರಿತ್ರೆಯಲ್ಲಿಯೂ ಒಂದು ಸ್ಥಾನವುಂಟು. ಅದು ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಬರುವುದಿಲ್ಲ.

ಉಗ್ರಾದಿತ್ಯನೆಂಬ ಜೈನ ಆಚಾರ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ ಎಂಬ ವೈದ್ಯಗ್ರಂಥವನ್ನು ಬರೆದನು. ಇದು 1940ರಲ್ಲಿ ಸೊಲ್ಲಾಪುರದಿಂದ ಅಚ್ಚಾಯಿತು. ಗ್ರಂಥದ ಕೊನೆಗೆ ‘ಹಿತಾಹಿತಾಧ್ಯಾಯ’ ಎಂಬ ಅನುಬಂಧವಿದೆ. ನೃಪತುಂಗ ಮಹಾರಾಜನ ಸಭೆಯಲ್ಲಿ, ವಿದ್ವಾಂಸರ ಮತ್ತು ವೈದ್ಯರ ಎದುರಿನಲ್ಲಿ, ಮಾಂಸಾಹಾರವು ನಿಷ್ಫಲವೆಂದು ತಾನು ವಾದಿಸಿದುದನ್ನು ಉಗ್ರಾದಿತ್ಯನು ಅಲ್ಲಿ ವಿವರಿಸುತ್ತಾನೆ. ಈ ನೃಪತುಂಗನು 814ರಿಂದ 878ರವರೆಗೆ ಆಳಿದ ಒಂದನೆಯ ಅಮೋಘವರ್ಷನೇ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಇಡೀ ಗ್ರಂಥದಲ್ಲಿ ಮಾಂಸ, ಮದ್ಯ, ಜೇನುತುಪ್ಪಗಳನ್ನು ಬಿಟ್ಟೇ ಔಷಧಗಳನ್ನು ಹೇಳಲಾಗಿದೆ.

ಏನನ್ನು ತಿನ್ನಬೇಕು, ಏನನ್ನು ಬಿಡಬೇಕು ಎಂಬ ಪ್ರಶ್ನೆ ಹೀಗೆ ರಾಜಸಭೆಯವರೆಗೆ ಹೋಗಿತ್ತು. ಅದಕ್ಕೂ ಬಹಳ ಮೊದಲು ಚರಕಸಂಹಿತೆಯು ಚಿಕಿತ್ಸಾಸ್ಥಾನದ ಹದಿನೈದನೆಯ ಅಧ್ಯಾಯವನ್ನು ‘ಗ್ರಹಣಿ’ ಎಂಬ ಜೀರ್ಣರೋಗಕ್ಕೆ ಮೀಸಲಿಟ್ಟು ಮಜ್ಜಿಗೆಯ ಗುಣಗಾನ ಮಾಡಿತ್ತು. ಆದರೆ ನಮ್ಮ ಹಿರಿಯರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎಂದು ಹೇಳಿ ಮುಗಿಸುವುದು ಸರಿಯಲ್ಲ. ಮಾನ್ಯಖೇಟದಲ್ಲಿ ನಡೆದದ್ದು ವಾದ. ಬಿಟ್ಟ ಪದಾರ್ಥವನ್ನು ಅದೇ ರೋಗಿಗೆ ಮತ್ತೆ ಕೊಟ್ಟು, ಕಾಯಿಲೆ ಮರಳುತ್ತದೆಯೇ ಎಂದು ನೋಡುವುದು ಪರೀಕ್ಷೆ. ಇವೆರಡರ ನಡುವೆ ಸಾವಿರ ವರ್ಷಗಳ ಅಂತರವಿದೆ.

ಈ ಪರೀಕ್ಷೆ ಹೆಚ್ಚು ಬೇಕಾಗಿರುವುದು ಇಂದು ‘ಇರಿಟಬಲ್ ಬೊವೆಲ್ ಸಿಂಡ್ರೋಮ್’ ಎನ್ನುವ ಕರುಳಿನ ತೊಂದರೆಯಲ್ಲಿ. ಹೊಟ್ಟೆ ನುಲಿಯುತ್ತದೆ, ಉಬ್ಬುತ್ತದೆ. ಕೆಲವರಿಗೆ ಭೇದಿ, ಕೆಲವರಿಗೆ ಮಲಬದ್ಧತೆ, ಇನ್ನು ಕೆಲವರಿಗೆ ಒಂದಾದ ಮೇಲೊಂದು. ಎಕ್ಸ್‌ರೇಯಲ್ಲಿಯೂ ರಕ್ತಪರೀಕ್ಷೆಯಲ್ಲಿಯೂ ದೋಷ ಕಾಣುವುದಿಲ್ಲ. ‘ಏನೂ ಇಲ್ಲ’ ಎನ್ನಿಸಿಕೊಂಡು ಮನೆಗೆ ಬಂದವರು ತಾವೇ ಒಂದೊಂದು ಆಹಾರವನ್ನು ಬಿಡತೊಡಗುತ್ತಾರೆ. ಪರೀಕ್ಷೆಯ ದಿನ ಹೊಟ್ಟೆ ಕೆಟ್ಟರೆ ಹಿಂದಿನ ರಾತ್ರಿಯ ಬ್ಯಾಳಿಯ ಮೇಲೆ ತಪ್ಪು ಹೊರಿಸುವ ವಿದ್ಯಾರ್ಥಿ, ಅಂದು ತನಗಿದ್ದ ಭಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಿದುಳಿಗೂ ಕರುಳಿಗೂ ನರಗಳ ನೇರ ಸಂಪರ್ಕವಿದೆ. ಭಯವೊಂದೇ ಕರುಳನ್ನು ಕೆರಳಿಸಬಲ್ಲದು.

ತಪ್ಪು ತೀರ್ಮಾನಕ್ಕೆ ವೈದ್ಯರೂ ಹೊರತಲ್ಲ. ಅಮೆರಿಕದ ಸಿಡ್ನಿ ಹಾಸ್ ಎಂಬ ಮಕ್ಕಳ ವೈದ್ಯರು 1924ರಲ್ಲಿ, ಸೀಲಿಯಾಕ್ ಎಂಬ ಕರುಳಿನ ರೋಗದಿಂದ ಸೊರಗಿದ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಸೂಚಿಸಿದರು. ಮಕ್ಕಳು ಚೇತರಿಸಿಕೊಂಡರು. ಕೀರ್ತಿಯೆಲ್ಲ ಬಾಳೆಹಣ್ಣಿಗೆ ಹೋಯಿತು! ಆ ಪಥ್ಯದಲ್ಲಿ ಬ್ರೆಡ್ಡು ಇರಲಿಲ್ಲವೆಂಬುದು ಮುಖ್ಯವೆಂದು ಯಾರಿಗೂ ತೋರಲಿಲ್ಲ. ಹಾಲೆಂಡಿನ ಹೇಗ್ ನಗರದ ವಿಲ್ಲೆಮ್ ಡಿಕೆ 1930ರ ದಶಕದಿಂದಲೇ ಗೋಧಿಯ ಮೇಲೆ ಸಂಶಯಪಟ್ಟಿದ್ದರು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, ಅಂದರೆ 1944–45ರಲ್ಲಿ, ಆ ದೇಶದಲ್ಲಿ ಘೋರ ಕ್ಷಾಮ ಬಂದು ಬ್ರೆಡ್ಡು ದುರ್ಲಭವಾಯಿತು. ಈ ರೋಗದ ಮಕ್ಕಳ ಸ್ಥಿತಿಯ ಬಗೆಗಿನ ಅವರ ಸಂಶಯ ಬಲವಾಯಿತು. ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಸಹೋದ್ಯೋಗಿಗಳೊಡನೆ ಮಕ್ಕಳಿಗೆ ಗೋಧಿ ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು, ಮಲದಲ್ಲಿ ಜೀರ್ಣವಾಗದೆ ಹೋಗುವ ಕೊಬ್ಬನ್ನು ಅಳೆದರು. 1950ರಲ್ಲಿ ಅವರ ಮಹಾಪ್ರಬಂಧ ಹೊರಬಂದಿತು. ಗೋಧಿಯ ಗ್ಲುಟೆನ್ ಎಂಬ ಪ್ರೋಟೀನೇ ಕಾರಣವೆಂದು ಗೊತ್ತಾಯಿತು. ಸೀಲಿಯಾಕ್ ರೋಗವೇ ಬೇರೆ, ಇಲ್ಲಿ ಹೇಳುತ್ತಿರುವ ಕರುಳಿನ ತೊಂದರೆಯೇ ಬೇರೆ. ಆದರೆ ವಿಧಾನದ ಪಾಠ ಒಂದೇ. ಇನ್ನೊಂದು ಮಾತು: ಸೀಲಿಯಾಕ್ ಇದೆಯೇ ಎಂದು ತಿಳಿಯುವ ರಕ್ತಪರೀಕ್ಷೆಯನ್ನು ಗೋಧಿ ಬಿಡುವ ಮೊದಲೇ ಮಾಡಿಸಬೇಕು. ಬಿಟ್ಟ ಮೇಲೆ ಅದು ಸುಳ್ಳು ಹೇಳಬಹುದು.

ಆಹಾರಗಳನ್ನು ಕ್ರಮವಾಗಿ ಬಿಟ್ಟು ನೋಡುವ ಪದ್ಧತಿಯನ್ನು 1920ರ ದಶಕದಿಂದ ಕ್ಯಾಲಿಫೋರ್ನಿಯಾದ ಆಲ್ಬರ್ಟ್ ರೋ ಬೆಳೆಸಿದರು. ಕೆರಳುವ ಕರುಳಿಗೆ ಅದನ್ನು ಕಟ್ಟುನಿಟ್ಟಾಗಿ ಅನ್ವಯಿಸಿದವರಲ್ಲಿ ಕೇಂಬ್ರಿಜ್‌ನ ಜಾನ್ ಹಂಟರ್ ಮತ್ತು ಸಂಗಡಿಗರು ಪ್ರಮುಖರು. 1982ರ ಅವರ ವರದಿಯಲ್ಲಿ 21 ರೋಗಿಗಳ ಪೈಕಿ 14 ಮಂದಿಗೆ ನಿರ್ದಿಷ್ಟ ಆಹಾರಗಳು ತೊಂದರೆ ತರುತ್ತಿದ್ದವು. ಆರು ಮಂದಿಯಲ್ಲಿ ಇದನ್ನು ರೋಗಿಗೂ ತಿಳಿಯದಂತೆ, ಪರೀಕ್ಷಿಸುವವರಿಗೂ ತಿಳಿಯದಂತೆ ಮತ್ತೊಮ್ಮೆ ಖಚಿತಪಡಿಸಿಕೊಳ್ಳಲಾಯಿತು.

ಇಷ್ಟು ಗುಟ್ಟು ಏತಕ್ಕೆ? ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ. ಗ್ಲುಟೆನ್ ತಮಗೆ ಆಗುವುದಿಲ್ಲವೆಂದು ನಂಬಿದ್ದ, ಸೀಲಿಯಾಕ್ ಇಲ್ಲದ 37 ಮಂದಿಗೆ ಗುಟ್ಟಾಗಿ ಗ್ಲುಟೆನ್ ಕೊಟ್ಟು ನೋಡಿದಾಗ, ಅದಕ್ಕೇ ವಿಶಿಷ್ಟವಾದ ಪರಿಣಾಮ ಕಾಣಲಿಲ್ಲ. ಅವರ ನೋವು ಸುಳ್ಳಲ್ಲ. ಅದಕ್ಕೆ ಅವರು ಕಂಡುಕೊಂಡಿದ್ದ ಕಾರಣ ತಪ್ಪು. ಗೋಧಿಯಲ್ಲಿ ಗ್ಲುಟೆನ್ ಜೊತೆಗೆ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿಯೂ ಇದೆ.

ಅದೇ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಸೂ ಶೆಫರ್ಡ್ 2005ರಲ್ಲಿ ಇಂಥ ಸಕ್ಕರೆಗಳನ್ನು ‘ಫಾಡ್‌ಮ್ಯಾಪ್’ ಎಂಬ ಒಂದೇ ಹೆಸರಿನಡಿ ತಂದರು. ಇವು ಸಣ್ಣಕರುಳಿನಲ್ಲಿ ಪೂರ್ತಿಯಾಗಿ ಹೀರಲ್ಪಡುವುದಿಲ್ಲ. ಕೆಲವು ನೀರನ್ನು ಎಳೆದುಕೊಳ್ಳುತ್ತವೆ. ದೊಡ್ಡಕರುಳಿಗೆ ಬಂದಾಗ ಬ್ಯಾಕ್ಟೀರಿಯಾಗಳು ಹುದುಗಿಸಿ ಜಲಜನಕವೇ ಮೊದಲಾದ ಅನಿಲಗಳನ್ನು ಮಾಡುತ್ತವೆ. ಇದು ಎಲ್ಲರಲ್ಲೂ ನಡೆಯುವ ಕ್ರಿಯೆ. ಆದರೆ ಕರುಳಿನ ನರಗಳು ಅತಿಸೂಕ್ಷ್ಮವಾಗಿರುವವರಿಗೆ ಅದೇ ಉಬ್ಬರ ನೋವಾಗುತ್ತದೆ. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 30 ರೋಗಿಗಳಿಗೆ ಊಟವನ್ನು ಸಂಶೋಧಕರೇ ಒದಗಿಸಿ, 21 ದಿನ ಈ ಪಥ್ಯ, 21 ದಿನ ಸಾಮಾನ್ಯ ಆಹಾರ ಎಂದು ಹೋಲಿಸಿದರು. ಪಥ್ಯದಲ್ಲಿ ತೊಂದರೆ ಸ್ಪಷ್ಟವಾಗಿ ಇಳಿಯಿತು.

ಈ ಜ್ಞಾನವನ್ನು ಸೇಡಂ, ಚಿತ್ತಾಪುರ, ಚಿಂಚೋಳಿಗಳ ಅಡುಗೆಮನೆಗೆ ತಂದು ನೋಡೋಣ. ಜೋಳದ ರೊಟ್ಟಿಯಲ್ಲಿ ಗ್ಲುಟೆನ್ ಇಲ್ಲ. ಫ್ರಕ್ಟಾನ್ ಕೂಡ ಗೋಧಿಗಿಂತ ಕಡಿಮೆ. ಅನ್ನವೂ ನಿರಪಾಯ. ಶೇಂಗಾ ತಾನಾಗಿ ತೊಂದರೆ ಕೊಡುವುದು ಅಪರೂಪ. ಆದರೆ ಶೇಂಗಾ ಹಿಂಡಿಗೆ ಕುಟ್ಟಿ ಹಾಕುವ ಬೆಳ್ಳುಳ್ಳಿಯಲ್ಲಿ ಫ್ರಕ್ಟಾನ್ ಧಾರಾಳವಾಗಿದೆ. ಊಟದ ಬದಿಗೆ ಕಡಿಯುವ ಉಳ್ಳಾಗಡ್ಡಿಯಲ್ಲಿಯೂ ಅಷ್ಟೆ. ಕಂದಮೂಲಗಳನ್ನು ವರ್ಜಿಸುವ ಜೈನರ ಮನೆಯಲ್ಲಿ ಇವೆರಡೂ ಇರುವುದಿಲ್ಲ. ಅದಕ್ಕೆ ಕಾರಣ ಅಹಿಂಸೆಯೇ ಹೊರತು ಕರುಳಲ್ಲ. ಮೇಲಾಗಿ ಅದೇ ಮನೆಯಲ್ಲಿ ಬೇಳೆ ಯಥೇಚ್ಛವಾಗಿ ಬೇಯುತ್ತದೆ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಒಗ್ಗರಣೆಯ ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿದು ಎಸಳನ್ನು ತೆಗೆದುಬಿಟ್ಟರೆ ವಾಸನೆ ಉಳಿಯುತ್ತದೆ, ಉಪದ್ರವ ಉಳಿಯುವುದಿಲ್ಲ. ಹಾಲಿನ ವಿಷಯ ಬೇರೆ: ದೊಡ್ಡವರಾದ ಮೇಲೆ ಲ್ಯಾಕ್ಟೋಸ್ ಜೀರ್ಣಿಸುವ ಶಕ್ತಿ ಕಡಿಮೆಯಾಗುವುದು ಉತ್ತರ ಭಾರತಕ್ಕಿಂತ ದಕ್ಷಿಣದಲ್ಲಿ ಹೆಚ್ಚು. ಉಸಿರಿನಲ್ಲಿ ಬರುವ ಜಲಜನಕವನ್ನು ಅಳೆದು ಇದನ್ನು ಪತ್ತೆಮಾಡಬಹುದು.

ಇನ್ನುಳಿದದ್ದು ತೊಗರಿ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿಯ ತೊಗರಿಬೇಳೆ ಈ ಭಾಗದ ಹೊಲಕ್ಕೂ ತಟ್ಟೆಗೂ ಆಧಾರ. ಇದರಲ್ಲಿ ರ್‍ಯಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಅವುಗಳನ್ನು ಒಡೆಯುವ ಕಿಣ್ವ ಮನುಷ್ಯನ ಕರುಳಿನಲ್ಲಿ ಇಲ್ಲ. ಆದರೆ ಮಾಂಸ, ಮೊಟ್ಟೆ ಕೊಳ್ಳಲಾಗದ ಅಥವಾ ತಿನ್ನದ ಮನೆಯಲ್ಲಿ ಪ್ರೋಟೀನ್ ಬರುವುದು ಈ ಬ್ಯಾಳಿಯಿಂದಲೇ. ಬೆಳೆಯುವ ವಯಸ್ಸಿನ ಹುಡುಗಿಯೊಬ್ಬಳು ಬರಿಯ ಸಂಶಯದ ಮೇಲೆ ವರ್ಷಗಟ್ಟಲೆ ಇದನ್ನು ಬಿಟ್ಟರೆ, ಹೊಟ್ಟೆನೋವಿಗಿಂತ ದೊಡ್ಡ ನಷ್ಟವಾಗುತ್ತದೆ. ಆದ್ದರಿಂದಲೇ ಬಿಡುವ ಅವಧಿ ಎರಡರಿಂದ ಆರು ವಾರ ಮಾತ್ರ. ಅದೂ ವೈದ್ಯರ ಅಥವಾ ಆಹಾರತಜ್ಞರ ಸಲಹೆಯಂತೆ. ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇವುಗಳಿದ್ದರೆ ಪಥ್ಯದ ಪ್ರಯೋಗ ಬೇಡ, ಮೊದಲು ವೈದ್ಯರ ಬಳಿಗೆ ಹೋಗಬೇಕು.

ಅವಧಿ ಮುಗಿದ ಮೇಲೆ ಒಂದೊಂದನ್ನೇ ಮರಳಿ ತರಬೇಕು. ಬ್ಯಾಳಿಯ ಸರದಿ ಬಂದಾಗ ಉಳಿದ ಪಥ್ಯವನ್ನು ಹಾಗೆಯೇ ಇಟ್ಟುಕೊಂಡು, ಮೊದಲ ದಿನ ಸ್ವಲ್ಪ, ಎರಡನೆಯ ದಿನ ಇನ್ನಷ್ಟು, ಮೂರನೆಯ ದಿನ ಮಾಮೂಲಿನಷ್ಟು ಉಂಡು, ನೋವು, ಉಬ್ಬರ, ನಿದ್ದೆ, ಅಂದಿನ ಚಿಂತೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ತೊಂದರೆ ಮೂರನೆಯ ದಿನ ಮಾತ್ರ ಕಂಡರೆ ಎರಡನೆಯ ದಿನದ ಪ್ರಮಾಣವೇ ಆ ವ್ಯಕ್ತಿಯ ಮಿತಿ. ಬೇಳೆಯನ್ನು ನೆನೆಹಾಕಿ ಆ ನೀರನ್ನು ಚೆಲ್ಲಿ ಬೇಯಿಸಿದರೆ ಸಕ್ಕರೆಗಳಲ್ಲಿ ಒಂದಂಶ ನೀರಿನೊಡನೆ ಹೋಗುತ್ತದೆ. ಮಿತಿ ಇನ್ನಷ್ಟು ಹಿಗ್ಗಬಹುದು. ಎರಡು ಮೂರು ದಿನ ಬಿಡುವು ಕೊಟ್ಟು, ಮುಂದೆ ಉಳ್ಳಾಗಡ್ಡಿ.